ರಣಬಯಲಿನ ಪಕ್ಕದ ಛತ್ರ

ಹದಿನೇಳು ವರ್ಷ ನಾನು ಮಾಡಿದ ಕೆಲಸಕ್ಕೆ ನಮ್ಮ ಮನೆಯಲ್ಲಿ ಯಾರೂ ಸರಿಯಾದ ಹೆಸರು ಹೇಳಲಿಲ್ಲ. ನೆಂಟರಿಷ್ಟರ ಮುಂದೆ ನಮ್ಮ ಯಜಮಾನರು ‘ಸಾಫ್ಟ್‌ವೇರ್’ ಎಂದು ಹೇಳಿ ಮಾತು ಮುಗಿಸುತ್ತಿದ್ದರು. ಅತ್ತೆಯವರು ಮಾತ್ರ, ನಮ್ಮ ವಸುಧಾ ಯಾವುದೋ ಆಟದ ಕಂಪನಿಯಲ್ಲಿ ಜಗಳ ಬಿಡಿಸುತ್ತಾಳೆ ಎನ್ನುತ್ತಿದ್ದರು. ಆಗೆಲ್ಲ ನನಗೆ ಮೂಗಿನ ತುದಿಯಲ್ಲೇ ಕೋಪ. ನಿವೃತ್ತಳಾಗಿ ಒಂದು ವರ್ಷವಾದ ಮೇಲೆ ಈಗ ಯೋಚಿಸಿದರೆ, ನನ್ನ ನೇಮಕಾತಿ ಪತ್ರಕ್ಕಿಂತ ಅತ್ತೆಯವರ ವಿವರಣೆಯೇ ಸರಿಯಾಗಿತ್ತು.

ಮೊನ್ನೆ ಎನ್.ಆರ್. ಕಾಲೋನಿಯ ನಮ್ಮ ಬೀದಿಯ ಹುಡುಗಿಯೊಬ್ಬಳು ಇಂಥದೇ ಕೆಲಸಕ್ಕೆ ಸೇರಿದಳು. ಏನು ಓದಿಕೊಂಡು ಹೋಗಲಿ ಆಂಟಿ ಎಂದು ಕೇಳಿದಳು. ಓದಿಕೊಂಡು ಹೋಗುವಂಥದ್ದು ಏನೂ ಇಲ್ಲ. ಆದರೆ ನಾನು ಮಾಡಿದ ತಪ್ಪುಗಳನ್ನೇ ಅವಳೂ ಮೊದಲಿನಿಂದ ಮಾಡುವುದು ಬೇಡ ಎನಿಸಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಸಂಬಳ ಏರಿತು, ಯಾವಾಗ ನನ್ನ ಕುರ್ಚಿಗೆ ಕೈ ಬಂತು ಎಂಬುದನ್ನೆಲ್ಲ ಬಿಟ್ಟಿದ್ದೇನೆ.

ಈ ಕೆಲಸಕ್ಕೆ ಸೇರುವ ಮೊದಲು ನಾನು ಚಾಮರಾಜಪೇಟೆಯ ಒಂದು ಫೋಟೋ ಲ್ಯಾಬಿನ ಕೌಂಟರಿನಲ್ಲಿದ್ದೆ. ಮದುವೆ ಫೋಟೋದಲ್ಲಿ ಸೊಸೆ ಕಪ್ಪಗೆ ಬಂದಿದ್ದಾಳೆ ಎಂದು ಬೈಯುವವರ ಮಾತು ಕೇಳಿಸಿಕೊಳ್ಳುವುದು ನನ್ನ ಕೆಲಸ. ರೀಲಿನ ಕಾಲ ಮುಗಿದು ಲ್ಯಾಬು ಮುಚ್ಚಿತು. ಆಗ ಪರಿಚಯದವರೊಬ್ಬರು ಮಲ್ಲೇಶ್ವರದ ಈ ಕಂಪನಿಗೆ ಕಳಿಸಿದರು. ಅಡ್ಡರಸ್ತೆಯಲ್ಲಿದ್ದ ಹಳೆಯ ಮನೆ, ಮುಂದೆ ಸಂಪಿಗೆ ಮರ, ನಡುಮನೆಯಲ್ಲಿ ಸಾಲಾಗಿ ಕಂಪ್ಯೂಟರು. ಅಡುಗೆಮನೆಯಲ್ಲಿ ಸರ್ವರ್ ಇಟ್ಟಿದ್ದರು, ಒಲೆಕಟ್ಟೆಯ ಮೇಲೆ ವೈರುಗಳು ಹರಡಿಕೊಂಡಿದ್ದವು. ಕಂಪನಿ ಮೂರ್ತಿ ಸರ್ ಅವರದು. ಕಾಲೇಜಿನ ದಿನಗಳಲ್ಲಿ ಕೇರಂ ಪಂದ್ಯಗಳಲ್ಲಿ ಹೆಸರು ಮಾಡಿದ್ದವರು. ಗೆಲ್ಲುವುದು ಎಂದರೆ ಅವರಿಗೆ ಊಟವಿದ್ದಂತೆ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಬೈಸಿಕೊಂಡರೆ ಅಳುತ್ತೀರಾ ಎಂದು. ಇಲ್ಲ ಎಂದೆ, ಕೆಲಸ ಸಿಕ್ಕಿತು.

ನಮ್ಮ ಆಟದ ಹೆಸರು ‘ಏಳು ಸೀಮೆ’. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಲೋಕದೊಳಗೆ ಓಡಾಡುತ್ತಿದ್ದರು. ಹೊಲ ಉಳುವುದು, ಮನೆ ಕಟ್ಟುವುದು, ಕಾಡಿನಲ್ಲಿ ರಾಕ್ಷಸರನ್ನು ಹೊಡೆಯುವುದು, ಸಂತೆಯಲ್ಲಿ ಮಾರುವುದು. ಆ ಲೋಕದ ನಟ್ಟನಡುವೆ ರಣಬಯಲು ಎಂಬ ಜಾಗವಿತ್ತು. ಅಲ್ಲಿ ಮಾತ್ರ ಒಬ್ಬ ಆಟಗಾರ ಇನ್ನೊಬ್ಬ ಆಟಗಾರನನ್ನು ಕೊಲ್ಲಬಹುದು. ಕೊಂದರೆ ಸತ್ತವನ ಮೈಮೇಲಿದ್ದ ಸಾಮಾನೆಲ್ಲ ಕೊಂದವನಿಗೆ. ಬೆಳ್ಳಿಯ ಗಣಿ ಆ ಬಯಲಿನ ಆಚೆ ಇತ್ತು. ಬೆಳ್ಳಿ ಬೇಕಾದವರು ಅದನ್ನು ದಾಟಿಯೇ ಹೋಗಬೇಕು.

ಸೇರಿದ ಮೊದಲ ವಾರದ ಪೆದ್ದುತನವನ್ನು ಮೊದಲು ಹೇಳಿಬಿಡುತ್ತೇನೆ. ಒಂದು ದೂರು ಬಂತು. ನಿನ್ನೆ ಸಂಜೆ ಸೇತುವೆ ಹತ್ತಿರ ಮೂವರು ಅಡ್ಡಹಾಕಿ ಹೊಡೆದರು, ನನ್ನ ಎತ್ತುಗಳನ್ನು ಹೊಡೆದುಕೊಂಡು ಹೋದರು, ತುಂಬಾ ಬೇಜಾರಾಗಿದೆ ಎಂದು ಬರೆದಿದ್ದರು. ನಾನು ಗಾಬರಿಯಾಗಿ, ತಕ್ಷಣ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಗಾಯವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಎಂದು ಉತ್ತರ ಬರೆದೆ. ಆ ಸೇತುವೆ ರಣಬಯಲಿನದು ಎಂದು ಆಮೇಲೆ ತಿಳಿಯಿತು. ಕಚೇರಿಯಲ್ಲಿ ಒಂದು ತಿಂಗಳು ಎಲ್ಲರೂ ನನ್ನನ್ನು, ಎತ್ತು ಸಿಕ್ಕಿತಾ ಎಂದು ಕೇಳುತ್ತಿದ್ದರು. ಆದರೆ ಆ ಪತ್ರದ ಕೊನೆಯ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಎತ್ತು ಸುಳ್ಳಿನದು, ಬೇಜಾರು ನಿಜದ್ದು.

ಆಗೆಲ್ಲ ಫೋನಿನ ಕಾಲ. ಆಟ ಬಿಟ್ಟುಹೋದವರಿಗೆ ಫೋನ್ ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ನಾನು ನಿಷ್ಠೆಯಿಂದ ಬರೆದುಕೊಂಡೆ. ಮತ್ತಿಕೆರೆಯ ರೂಮುಗಳಲ್ಲಿದ್ದ ವಿದ್ಯಾರ್ಥಿಗಳು ಪರೀಕ್ಷೆ ಎಂದರು. ಗೃಹಿಣಿಯರು ಮನೆಗೆ ನೆಂಟರು ಬಂದಿದ್ದಾರೆ ಎಂದರು. ಉಳಿದವರೆಲ್ಲ ನೆಟ್ ಸರಿ ಇಲ್ಲ ಎಂದರು. ಮೂರ್ತಿ ಸರ್ ನನ್ನ ಪಟ್ಟಿ ನೋಡಿ, ಆಟದಲ್ಲಿ ದೋಷವಿಲ್ಲ, ನೆಟ್ಟಿನದೇ ತೊಂದರೆ ಎಂದು ತೀರ್ಮಾನಿಸಿದರು. ಹೊಸ ಸರ್ವರು ತಂದು ಅಡುಗೆಮನೆ ತುಂಬಿಸಿದರು. ಪರೀಕ್ಷೆ ಮುಗಿಯಿತು, ನೆಂಟರು ಊರಿಗೆ ಹೋದರು, ಆಟ ಬಿಟ್ಟವರು ಮಾತ್ರ ತಿರುಗಿ ಬರಲಿಲ್ಲ.

ತಪ್ಪು ಎಲ್ಲಿದೆ ಎಂದು ತಿಳಿದದ್ದು ನಮ್ಮ ಮನೆಯಲ್ಲೇ. ಪಕ್ಕದ ಮನೆಯವರು ಅರಿಸಿನ ಕುಂಕುಮಕ್ಕೆ ಕರೆಯಲು ಬಂದರು. ಅತ್ತೆಯವರಿಗೂ ಅವರಿಗೂ ಅಷ್ಟಕ್ಕಷ್ಟೇ. ಅತ್ತೆ ನಗುನಗುತ್ತಾ, ನೋಡ್ತೀನಿ, ಮಂಡಿ ನೋವು ಸ್ವಲ್ಪ ಜಾಸ್ತಿ ಎಂದರು. ಆ ಸಂಜೆ ಅದೇ ಮಂಡಿಯಲ್ಲಿ ಗಾಂಧಿ ಬಜಾರಿಗೆ ನಡೆದುಹೋಗಿ ಹೂವು ತಂದರು. ನಮ್ಮ ಕಡೆ ಯಾರೂ ಬಾಯಿಬಿಟ್ಟು ಒಲ್ಲೆ ಎನ್ನುವುದಿಲ್ಲ, ಎದುರಿಗಿರುವವರಿಗೆ ನೋವಾಗದಂಥ ಒಂದು ಕಾರಣ ಹುಡುಕುತ್ತಾರೆ. ಹೀಗೆ ಬೆಳೆದ ನಾನೇ ಅಷ್ಟು ದಿನ ಕಚೇರಿಯಲ್ಲಿ ಜನ ಹೇಳಿದ ಕಾರಣವನ್ನು ಅಕ್ಷರಶಃ ಬರೆದುಕೊಂಡು ಕೂತಿದ್ದೆ.

ಅಂದಿನಿಂದ ಜನ ಹೇಳಿದ್ದನ್ನು ಬಿಟ್ಟು ಮಾಡಿದ್ದನ್ನು ನೋಡತೊಡಗಿದೆ. ಸರ್ವರ್ ನೋಡಿಕೊಳ್ಳುತ್ತಿದ್ದ ಹರೀಶನನ್ನು ಹಿಡಿದು, ಬಿಟ್ಟುಹೋದವರು ಕೊನೆಯ ದಿನ ಆಟದಲ್ಲಿ ಎಲ್ಲೆಲ್ಲಿ ಓಡಾಡಿದ್ದರು ಎಂಬುದನ್ನು ತೆಗೆಸಿದೆ. ಹೆಚ್ಚಿನವರ ಹೆಜ್ಜೆ ರಣಬಯಲಿನ ಅಂಚಿಗೆ ಬಂದು ನಿಂತಿತ್ತು. ಕೆಲವರು ಒಳಗೆ ಕಾಲಿಟ್ಟು, ಸತ್ತು, ಆಮೇಲೆ ಬಂದೇ ಇರಲಿಲ್ಲ. ಉಳಿದ ಆಟಗಾರರು ದಾಟುವ ಕ್ರಮ ಇನ್ನೂ ವಿಚಿತ್ರವಾಗಿತ್ತು. ಅಂಚಿನಲ್ಲಿ ಕಾಯುವುದು, ಹತ್ತು ಹದಿನೈದು ಜನ ಸೇರಿದ ಮೇಲೆ ಗುಂಪಾಗಿ ಓಡುವುದು. ಎದುರಿನಿಂದ ಇನ್ನೊಂದು ಗುಂಪು ಬಂದರೆ ಎರಡೂ ಕಡೆಯವರು ಕೈ ಎತ್ತಿ ತೋರಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ನಾವು ಅವರಿಗೆಂದು ಅಷ್ಟು ಚೆಂದದ ಕತ್ತಿಗಳನ್ನು ಮಾಡಿಸಿದ್ದೆವು. ಅವರು ಅವನ್ನು ರಾಕ್ಷಸರಿಗೆ ಬಳಸಿ, ಮನುಷ್ಯರು ಎದುರಾದ ಕೂಡಲೇ ಒರೆಗೆ ಹಾಕುತ್ತಿದ್ದರು.

ಇದನ್ನು ಮೂರ್ತಿ ಸರ್‌ಗೆ ಹೇಳಿದೆ. ಅವರು ಒಪ್ಪಲಿಲ್ಲ. ಜನಕ್ಕೆ ಕಾದಾಟ ಬೇಕು, ಅಭ್ಯಾಸವಿಲ್ಲದೆ ಹಿಂಜರಿಯುತ್ತಾರೆ, ಮೊದಲ ಸಲ ನೀರಿಗೆ ತಳ್ಳಿದರೆ ಈಜು ಬರುತ್ತದೆ ಎಂದರು. ಅವರು ಕೆಟ್ಟವರಲ್ಲ. ನನಗೆ ಹುಷಾರಿಲ್ಲದಾಗ ಮನೆಗೆ ಹಣ್ಣು ತಂದುಕೊಟ್ಟವರು. ಆದರೆ ತಾನು ಸ್ಟ್ರೈಕರ್ ಹಿಡಿದು ಕೂತರೆ ಎದುರಿನವನಿಗೂ ಅಷ್ಟೇ ಖುಷಿಯಾಗುತ್ತದೆ ಎಂದು ನಂಬಿದ್ದವರು. ಹೊಡೆದಾಡುವುದನ್ನು ನಿಜಕ್ಕೂ ಇಷ್ಟಪಡುವವರೂ ಇದ್ದರು, ಇಲ್ಲವೆನ್ನುವುದಿಲ್ಲ. ಅವರಿಗೂ ಸರಿಸಮನಾದ ಎದುರಾಳಿ ಬೇಕಿತ್ತೇ ಹೊರತು, ಬೆಳ್ಳಿ ಹೊತ್ತು ಓಡುತ್ತಿದ್ದ ಗೃಹಿಣಿಯಲ್ಲ.

ಆಟ ಕಂಪ್ಯೂಟರಿನಿಂದ ಮೊಬೈಲಿಗೆ ಬಂತು. ನಮ್ಮ ಫೋನ್ ಕರೆಗಳು ನಿಂತು ಚಾಟ್ ಬಂತು. ಚಾಟಿಗೆ ಸಿದ್ಧ ಉತ್ತರಗಳು ಬಂದವು. ‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ’ ಎಂಬ ಸಾಲಿಗೆ ಒಂದು ಗುಂಡಿ, ಒತ್ತಿದರೆ ಹೋಗುತ್ತಿತ್ತು. ನಾನು ಬಸ್ಸು ಬಿಟ್ಟು ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮೆಟ್ರೋ ಹಿಡಿಯತೊಡಗಿದ್ದೆ. ಮೂರ್ತಿ ಸರ್ ಹೊಸ ನಿಯಮ ತಂದದ್ದು ಆ ಹೊತ್ತಿನಲ್ಲಿ. ಆಟದಲ್ಲಿ ಕಟ್ಟಿಕೊಂಡ ಮನೆ ಉಳಿಯಬೇಕಾದರೆ ಪ್ರತಿ ತಿಂಗಳು ರಣಬಯಲಿನಲ್ಲಿ ಹತ್ತು ಜನ ಆಟಗಾರರನ್ನು ಸೋಲಿಸಬೇಕು. ಸೋಲಿಸದಿದ್ದರೆ ಮನೆ ಬಿದ್ದುಹೋಗುತ್ತದೆ.

ಎಲ್ಲರೂ ಬಿಟ್ಟುಹೋಗುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಕಾದಾಟಗಳ ಸಂಖ್ಯೆ ಒಂದೇ ತಿಂಗಳಲ್ಲಿ ನಾವು ಕಂಡರಿಯದಷ್ಟು ಏರಿತು. ಮೂರ್ತಿ ಸರ್ ಎಲ್ಲರಿಗೂ ಮೈಸೂರ್‌ಪಾಕ್ ತರಿಸಿದರು. ನನ್ನ ಮುಂದೆ ಡಬ್ಬಿ ಹಿಡಿದು, ನೀರಿಗೆ ತಳ್ಳಿದ್ದಕ್ಕೆ ಈಜು ಬಂತು ನೋಡಿ ಎಂದರು. ನಾನು ಎರಡು ತುಂಡು ತಿಂದೆ.

ತಿಂದದ್ದು ಅರಗುವ ಮೊದಲೇ ಅನುಮಾನ ಶುರುವಾಯಿತು. ಕಾದಾಟಗಳೆಲ್ಲ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ನಡೆಯುತ್ತಿದ್ದವು. ಒಂದೊಂದು ಕಾದಾಟ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತಿತ್ತು. ಇಂದು ಸೋತವರು ನಾಳೆ ತಮ್ಮನ್ನು ಸೋಲಿಸಿದವರನ್ನೇ ಸೋಲಿಸುತ್ತಿದ್ದರು. ಸತ್ತವರ ಸಾಮಾನು ಸಂಜೆಯೊಳಗೆ ಅವರಿಗೇ ಮರಳುತ್ತಿತ್ತು. ಜನ ಸರದಿ ಹಾಕಿಕೊಂಡು ಸಾಯುತ್ತಿದ್ದರು. ಒಬ್ಬರು ಕತ್ತಿ ಕೆಳಗಿಟ್ಟು ನಿಲ್ಲುವುದು, ಇನ್ನೊಬ್ಬರು ಒಂದೇ ಏಟು ಹಾಕುವುದು, ಮಾರನೆಯ ದಿನ ಅದಲು ಬದಲು. ಗುಂಪಿನ ಹೆಂಗಸರು ಇದಕ್ಕೆ ಬಾಗಿನ ಎಂದು ಹೆಸರಿಟ್ಟಿದ್ದರು. ಗೌರಿಹಬ್ಬದಲ್ಲಿ ಕೊಟ್ಟ ಮನೆಯಿಂದ ತಿರುಗಿ ಬರುತ್ತದಲ್ಲ, ಹಾಗೆ.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಕಂಡುಹಿಡಿದೆ ಎಂಬ ಜಂಬ. ನೀಟಾಗಿ ವರದಿ ಮಾಡಿ ಮೂರ್ತಿ ಸರ್ ಮೇಜಿನ ಮೇಲಿಟ್ಟೆ. ಇದನ್ನು ಓದಿ ಅವರು ನಿಯಮ ಬದಲಿಸುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಅವರು ಓದಿ ಕೆಂಪಗಾದರು. ಮೊದಲೇ ಮಾತಾಡಿಕೊಂಡು ಸೋಲುವುದು ಮೋಸ, ಕೇರಂ ಪಂದ್ಯದಲ್ಲಿ ಇಂಥವರನ್ನು ಆಜೀವ ಹೊರಗೆ ಹಾಕುತ್ತಾರೆ ಎಂದರು. ಈ ಸರದಿ ನಡೆಸುತ್ತಿರುವವನು ಯಾರೋ ಅವನ ಖಾತೆಯನ್ನು ಇವತ್ತೇ ಮುಚ್ಚಿ ಎಂದರು.

ನಡೆಸುತ್ತಿದ್ದವರು ನಾಗರಾಜು ಎಂಬವರು. ನಗರ್ತಪೇಟೆಯಲ್ಲಿ ಗುಂಡಿ, ಲೇಸು, ಜಿಪ್ಪಿನ ಹೋಲ್‌ಸೇಲ್ ಅಂಗಡಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಆಡುತ್ತಿದ್ದರು. ರಣಬಯಲಿನ ಅಂಚಿನಲ್ಲೇ ಅವರು ದೊಡ್ಡದೊಂದು ಕಟ್ಟಡ ಕಟ್ಟಿದ್ದರು, ಆಟಗಾರರೆಲ್ಲ ಅದನ್ನು ಛತ್ರ ಎನ್ನುತ್ತಿದ್ದರು. ಬಯಲಿನಲ್ಲಿ ಸತ್ತು ಬರಿಗೈಯಲ್ಲಿ ಎದ್ದುಬಂದವರಿಗೆ ಅಲ್ಲಿ ಊಟ, ಬಟ್ಟೆ, ಒಂದು ಕೋಲು ಇಟ್ಟಿರುತ್ತಿದ್ದರು. ಆ ಛತ್ರ ಬೀಳಬಾರದು ಎಂದೇ ಸರದಿಯ ಏರ್ಪಾಡು ಶುರುವಾಗಿತ್ತು. ಅಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ‘ಖಾತೆ ಮುಚ್ಚಿ’ ಎಂಬುದನ್ನು ಒತ್ತಿದೆ. ಖಚಿತವೇ ಎಂದು ಕೇಳಿತು, ಹೌದು ಎಂದೂ ಒತ್ತಿದೆ. ಛತ್ರ ಒಂದು ಕ್ಷಣ ಮಂಕಾಗಿ ಆಮೇಲೆ ಇಲ್ಲವಾಯಿತು. ಇಡೀ ನೌಕರಿಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದರಷ್ಟು ನಾಚಿಕೆ ತಂದದ್ದು ಬೇರೊಂದಿಲ್ಲ.

ಎರಡು ದಿನದ ಮೇಲೆ ನಾಗರಾಜು ಕಚೇರಿಗೇ ಬಂದರು. ನಲವತ್ತೈದರ ಆಸುಪಾಸು, ಅಂಗಡಿಯಿಂದ ನೇರವಾಗಿ ಬಂದವರಂತೆ ತೋಳಿನ ಮೇಲೆ ಲೇಸಿನ ಎಳೆ ಅಂಟಿತ್ತು. ಕೈಯಲ್ಲಿ ಒಂದು ಚಪ್ಪಲಿ ಡಬ್ಬಿ. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅವರು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಅದರ ತುಂಬಾ ಅಂಗಿಯ ಗುಂಡಿ ಹೊಲಿದಿಡುವ ಖಾಲಿ ಕಾರ್ಡುಗಳು. ಒಂದೊಂದರ ಹಿಂದೆ ಒಂದು ಹೆಸರು, ಒಂದು ಸಾಮಾನು.

“ಖಾತೆ ಹೋದ್ರೆ ಹೋಗ್ಲಿ ಮೇಡಂ, ನಾನು ಮಾಡಿದ್ದು ನಿಮ್ಮ ರೂಲ್ಸಿಗೆ ತಪ್ಪೇ. ಆದ್ರೆ ಛತ್ರದಲ್ಲಿ ಬೇರೆಯವರ ಸಾಮಾನಿತ್ತು. ಬಯಲು ದಾಟೋಕೆ ಮುಂಚೆ ಒಳ್ಳೊಳ್ಳೇದನ್ನೆಲ್ಲ ನನ್ನ ಹತ್ರ ಇಟ್ಟು ಹೋಗೋರು. ಅದಷ್ಟನ್ನ ಅವರವರಿಗೆ ಕೊಟ್ಬಿಡಿ.”

ಮೂರ್ತಿ ಸರ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಅವರೇ ನಾಗರಾಜು ಅವರನ್ನು ಕೂರಿಸಿದರು, ಕಾಫಿ ತರಿಸಿದರು. ಸ್ವಲ್ಪ ಹೊತ್ತು ಗುಂಡಿ ವ್ಯಾಪಾರದ ಮಾತಾಡಿದರು. ಆಮೇಲೆ ಕೇಳಿದರು.

“ಅಲ್ರೀ, ನೀವು ಸರಿಯಾಗಿ ಹೊಡೆದಾಡೋದಕ್ಕೇನು ಕಷ್ಟ?”

“ಹೆಂಗೆ ಸರ್? ಎದುರಿಗೆ ನಿಂತಿರೋರೆಲ್ಲ ಗುರುತಿನೋರು.”

“ಹಾಗಾದ್ರೆ ಗುರುತಿಲ್ಲದೋರ ಜೊತೆ ಆಡಿ.”

ನಾಗರಾಜು ಕಾಫಿ ಲೋಟ ಕೆಳಗಿಟ್ಟರು. ವಾದಕ್ಕೆ ಹೇಳಲಿಲ್ಲ, ನಿಜವಾಗಿಯೂ ಯೋಚಿಸಿ ಹೇಳಿದರು.

“ಗುರುತೇ ಇಲ್ಲದೋರನ್ನ ಯಾಕೆ ಸರ್ ಹೊಡೀಬೇಕು?”

ಮೂರ್ತಿ ಸರ್, ನಿಯಮ ನಿಯಮವೇ ಎಂದು ಎದ್ದು ಒಳಗೆ ಹೋದರು. ಛತ್ರವನ್ನು ಹಿಂದಕ್ಕೆ ತರಬಹುದೇ ಎಂದು ನಾನು ಹರೀಶನನ್ನು ಕೇಳಿದೆ. ಅದೊಂದನ್ನೇ ತರಲು ಬರುವುದಿಲ್ಲ, ಇಡೀ ಲೋಕವನ್ನು ಎರಡು ದಿನ ಹಿಂದಕ್ಕೆ ತಳ್ಳಬೇಕು, ಎಲ್ಲರ ಎರಡು ದಿನದ ದುಡಿಮೆ ಹೋಗುತ್ತದೆ ಎಂದ. ನಾಗರಾಜು ಅದನ್ನು ಕೇಳಿ, ಅದೆಲ್ಲ ಬೇಡ, ಸಾಮಾನು ಸಿಕ್ಕರೆ ಸಾಕು ಎಂದರು. ಡಬ್ಬಿ ನನ್ನ ಹತ್ತಿರ ಬಿಟ್ಟು ಹೊರಟರು.

ಕಳೆದ ಸಾಮಾನನ್ನು ಹೊಸದಾಗಿ ಮಾಡಿಕೊಡುವ ಅಧಿಕಾರ ನನಗಿತ್ತು. ಆದರೆ ಒಂದೊಂದೇ ಮಾಡಬೇಕು. ಕಾರ್ಡು ತೆಗೆಯುವುದು, ಆ ಹೆಸರಿನ ಖಾತೆ ಹುಡುಕುವುದು, ಸಾಮಾನು ಸೇರಿಸುವುದು, ಕಾರ್ಡನ್ನು ಪಕ್ಕಕ್ಕಿಡುವುದು. ನಾಲ್ಕು ದಿನ ಊಟದ ಹೊತ್ತಿನಲ್ಲಿ ಇದೇ ಕೆಲಸ. ಒಬ್ಬರ ಬೆಳ್ಳಿಯ ನೇಗಿಲು, ಒಬ್ಬರ ಹದಿನೆಂಟು ಮೊಳದ ಸೀರೆ, ಇನ್ನೊಬ್ಬರು ಯಾಕೋ ಒಂದು ಬೆಕ್ಕನ್ನು ಇಟ್ಟುಹೋಗಿದ್ದರು. ನಾಗರಾಜು ಅವರ ಅಕ್ಷರ ಗುಂಡಗೆ, ಎಲ್ಲೂ ಚಿತ್ತಿಲ್ಲ.

ನಾಲ್ಕನೆಯ ದಿನ ಒಂದು ಕಾರ್ಡು ಬಂತು. ಹೆಸರು ‘ಎದೆಗಾರ’. ಸಾಮಾನು, ನಮ್ಮ ಆಟದ ಅತಿ ದೊಡ್ಡ ಕತ್ತಿ. ಖಾತೆ ತೆರೆದಾಗ ಅದರಲ್ಲಿದ್ದ ಫೋನ್ ನಂಬರ್ ಎಲ್ಲೋ ನೋಡಿದಂತಿತ್ತು. ನೋಡುವುದೇನು, ಬಾಯಿಪಾಠವಿತ್ತು. ರಜೆ ಬೇಕಾದಾಗಲೆಲ್ಲ ನಾನು ಮಾಡುತ್ತಿದ್ದ ನಂಬರ್, ಮೂರ್ತಿ ಸರ್ ಅವರದು. ಖಾತೆಯ ಹಿಂದಿನ ಓಡಾಟವನ್ನೂ ನೋಡಿದೆ, ತಪ್ಪು ಎಂದು ಗೊತ್ತಿದ್ದೇ ನೋಡಿದೆ. ಮೂರು ವರ್ಷದಲ್ಲಿ ಎದೆಗಾರರು ಒಬ್ಬ ಮನುಷ್ಯನ ಮೇಲೂ ಕತ್ತಿ ಎತ್ತಿರಲಿಲ್ಲ. ಬಯಲಿಗೆ ಬರುವುದು, ಕತ್ತಿಯನ್ನು ಛತ್ರದಲ್ಲಿ ಕೊಡುವುದು, ಗುಂಪು ಸೇರುವವರೆಗೆ ಕಾಯುವುದು, ಗುಂಪಿನ ನಟ್ಟನಡುವೆ ಸೇರಿಕೊಂಡು ಓಡುವುದು. ಹತ್ತು ಗೆಲುವಿನ ನಿಯಮ ಬಂದ ಮೇಲೆ ಅವರ ಆಟದ ಮನೆ ಬಿದ್ದುಹೋಗಿತ್ತು. ಅದಕ್ಕೂ ಅವರು ಹೊಡೆದಾಡಿರಲಿಲ್ಲ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕೇರಂ ಬೋರ್ಡಿನ ಎದುರು ಕೂರುವವನು ಒಪ್ಪಿ ಬಂದು ಕೂತಿರುತ್ತಾನೆ. ಬಯಲಿನಲ್ಲಿ ಬೆಳ್ಳಿ ಹೊತ್ತು ಓಡುವವರು ಹಾಗೆ ಬಂದವರಲ್ಲ. ಇದು ಮೂರ್ತಿ ಸರ್ ಅವರ ಕೈಗೆ ಗೊತ್ತಿತ್ತು, ಬಾಯಿಗೆ ಮಾತ್ರ ಗೊತ್ತಿರಲಿಲ್ಲ. ಎಲ್ಲರಿಗೂ ಮಾಡಿದಂತೆಯೇ ಅವರ ಕತ್ತಿಯನ್ನೂ ಖಾತೆಗೆ ಸೇರಿಸಿದೆ. ಸಾಮಾನಿನ ಜೊತೆ ಎಲ್ಲರಿಗೂ ಹೋಗುತ್ತಿದ್ದ ಒಂದು ಸಾಲಿನ ಸಂದೇಶ ಅವರಿಗೂ ಹೋಯಿತು: ‘ನಾಗರಾಜು ಅವರ ಛತ್ರದಲ್ಲಿ ನೀವು ಇಟ್ಟಿದ್ದ ವಸ್ತುವನ್ನು ಅವರು ಹಿಂದಿರುಗಿಸಿದ್ದಾರೆ.’ ಬೇರೆ ಒಂದಕ್ಷರ ಬರೆಯಲಿಲ್ಲ.

ಮರುದಿನ ಮೂರ್ತಿ ಸರ್ ಹನ್ನೊಂದಾದರೂ ಕೋಣೆಯಿಂದ ಹೊರಗೆ ಬರಲಿಲ್ಲ. ಬಂದಾಗ ನನ್ನ ಮುಖ ನೋಡದೆ ಹರೀಶನ ಮೇಜಿನ ಹತ್ತಿರ ಹೋದರು. ಹತ್ತು ಗೆಲುವಿನ ನಿಯಮ ತೆಗೆಯಬೇಕು, ರಣಬಯಲಿನಲ್ಲಿ ಇನ್ನು ಮುಂದೆ ಇಬ್ಬರೂ ಒಪ್ಪಿದರೆ ಮಾತ್ರ ಕಾದಾಟ ಎಂದರು. ತಿರುಗಿ ಹೋಗುವಾಗ, ಆ ನಗರ್ತಪೇಟೆಯವರ ಖಾತೆ ತೆರೆದುಬಿಡಿ ಎಂದು ನನಗೂ ಹೇಳಿದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾಗರಾಜು ಅವರಿಗೆ ನಾನೇ ಫೋನ್ ಮಾಡಿದೆ. ಸಿದ್ಧ ಉತ್ತರ ಬಿಟ್ಟು, ತಪ್ಪಾಯಿತು ಎಂದು ನನ್ನ ಬಾಯಿಂದಲೇ ಹೇಳಿದೆ. ಅವರು, ಬಿಡಿ ಮೇಡಂ, ಡಬ್ಬಿ ಮಾತ್ರ ವಾಪಸ್ ಕಳಿಸಿ, ಕಾರ್ಡು ಬೇಕು ಎಂದರು. ಛತ್ರ ಮೊದಲಿನಂತೆ ಬರಲಿಲ್ಲ, ಬರುವಂತಿರಲಿಲ್ಲ. ಆಟಗಾರರು ಕಲ್ಲು ಹೊತ್ತು ತಂದು ಅದೇ ಜಾಗದಲ್ಲಿ ಇನ್ನೊಂದನ್ನು ಕಟ್ಟಿದರು, ಐದು ತಿಂಗಳು ಹಿಡಿಯಿತು. ಒಪ್ಪಿಗೆಯ ನಿಯಮ ಬಂದ ಮೇಲೆ ಕಾದಾಟಗಳು ಕಡಿಮೆಯಾದವು. ಆದರೆ ನಡೆದದ್ದು ನಿಜವಾದ ಕಾದಾಟ, ಸುತ್ತ ನಿಂತು ನೋಡಲು ಜನ ಸೇರುತ್ತಿದ್ದರು.

ಈಗ ದೂರುಗಳಿಗೆ ಮೊದಲು ಯಂತ್ರ ಉತ್ತರ ಕೊಡುತ್ತದೆ. ನನಗಿಂತ ಚೆನ್ನಾಗಿಯೇ ಕೊಡುತ್ತದೆ, ಯಾರನ್ನೂ ಪೊಲೀಸ್ ಠಾಣೆಗೆ ಕಳಿಸುವುದಿಲ್ಲ. ನಮ್ಮ ಬೀದಿಯ ಹುಡುಗಿಗೆ ಹೇಳುವುದು ಇಷ್ಟೇ. ಯಂತ್ರ ದಾಟಿ ನಿನ್ನ ಹತ್ತಿರ ಬಂದ ದೂರಿನಲ್ಲಿ ಕಾರಣ ಎಂದು ಬರೆದದ್ದನ್ನು ಓದು, ಆದರೆ ಅವರು ಎಲ್ಲಿಯವರೆಗೆ ನಡೆದು ಬಂದು ನಿಂತರು ಎಂಬುದನ್ನೂ ನೋಡು. ಅಳಿಸುವ ಗುಂಡಿ ಒತ್ತುವ ಮುಂಚೆ ಅದರೊಳಗೆ ಬೇರೆ ಯಾರ ಸಾಮಾನಿದೆ ಎಂದು ಕೇಳು.

ನನ್ನ ಬೀಳ್ಕೊಡುಗೆಯ ದಿನ ಸಂಪಿಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಭಾಷಣವಾಯಿತು, ಶಾಲು ಹೊದಿಸಿದರು. ಎಲ್ಲರೂ ತಿಂಡಿಯ ಕಡೆ ಹೋದಾಗ ಮೂರ್ತಿ ಸರ್ ಮತ್ತು ನಾನು ಇಬ್ಬರೇ ಉಳಿದೆವು. ಇನ್ನು ಕೇಳದಿದ್ದರೆ ಯಾವಾಗಲೂ ಕೇಳುವುದಿಲ್ಲ ಎನಿಸಿತು.

“ಸರ್, ಆ ದೊಡ್ಡ ಕತ್ತಿ. ಹೊಡೆದಾಟ ಬೇಕು ಅಂತಿದ್ದೋರು ನೀವು. ಅದನ್ನ ಯಾಕೆ ಛತ್ರದಲ್ಲಿ ಇಟ್ಟು ಹೋಗ್ತಿದ್ರಿ?”

ಅವರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಸುರಿದರು. ಬಿಸಿ ಆಗಲೇ ಆರಿಹೋಗಿತ್ತು.

“ಆವಾಗೆಲ್ಲ ನೆಟ್ ಸರಿ ಇರ್ಲಿಲ್ಲ, ವಸುಧಾ.”

ಹೌದು ಸರ್ ಎಂದೆ. ಈ ಸಲ ಅದನ್ನು ಬರೆದುಕೊಳ್ಳಲಿಲ್ಲ.